ಅರ್ಧ ಕಿರುಬೆರಳು

ಫೆಬ್ರವರಿ ೪

ಪ್ರೀತಿಯ ದೊಡ್ಡಮ್ಮ,

ಅಂತೂ ಚಿತ್ರ ಮುಗಿಯಿತು. ಐವತ್ತೆರಡು ನಿಮಿಷ. ಫೋನು ಮಾಡಿದರೆ ನಿಮಗೆ ಕೇಳುವುದಿಲ್ಲ, ಅಮ್ಮನ ಹತ್ತಿರ ಹೇಳಿ ಕಳಿಸಿದರೆ ಅವಳು ಅರ್ಧ ಮರೆತು ಇನ್ನರ್ಧಕ್ಕೆ ತನ್ನದೇ ಸೇರಿಸುತ್ತಾಳೆ. ಅದಕ್ಕೇ ಈ ಕಾಗದ.

ನಾಲ್ಕು ತಿಂಗಳಿಂದ ಕಿಟಕಿಯೇ ಇಲ್ಲದ ಸಂಕಲನದ ಕೋಣೆಯಲ್ಲಿ ಕೂತು ನಿಮ್ಮ ಕೈಗಳನ್ನೇ ನೋಡಿದ್ದೇನೆ. ಕೊಂಬನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡುವುದು. ಎಡಗೈಯ ಆ ಅರ್ಧ ಕಿರುಬೆರಳಿನಿಂದ ಅದರ ಅಂಚನ್ನು ಅದುಮಿ ಹಿಡಿದು, ಎರಡಲಗಿನ ಗರಗಸ ಎಳೆಯುವುದು. ಒಂದು ಅಲಗು ಬಾಚಣಿಗೆಯ ಹಲ್ಲು ಕೊಯ್ಯುತ್ತಿರುವಾಗಲೇ ಇನ್ನೊಂದು ಅಲಗು ಮುಂದಿನ ಹಲ್ಲಿಗೆ ಗೀರು ಹಾಕಿಡುತ್ತದಲ್ಲ, ಅದನ್ನು ಕಂಡು ಸಂಕಲನ ಮಾಡುವವನು ಕುರ್ಚಿ ಬಿಟ್ಟು ಎದ್ದ. "ಅಳತೆಪಟ್ಟೀನೇ ಇಲ್ವಲ್ರೀ! ಈ ಕೈಗಳಿದ್ರೆ ಸಾಕು, ಚಿತ್ರ ಗೆದ್ದ ಹಾಗೆ" ಎಂದ.

ಅಮ್ಮ ಚೆನ್ನಾಗಿ ಮಾತಾಡಿದ್ದಾಳೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚಹಾ ಕುಡಿಯುತ್ತಾ, ಅಜ್ಜನ ಕಾಲದ ಕಥೆಯೆಲ್ಲ ಹೇಳಿದ್ದಾಳೆ. ಅವಳ ಕೈ ನಡುಗಲು ಶುರುವಾಗಿ, ಗರಗಸ ಬಿಟ್ಟು ಆರು ವರ್ಷವಾಗಿದೆ ಎಂಬುದು ನಮ್ಮ ಮನೆಯ ವಿಷಯ. ನೋಡುವವರಿಗೆ ಅದೆಲ್ಲ ಬೇಕಾಗುವುದಿಲ್ಲ.

ಚಿತ್ರೀಕರಣದ ಎರಡನೆಯ ದಿನ ನಿಮ್ಮ ಮುಖವನ್ನೂ ತೆಗೆಯುತ್ತೇನೆ ಎಂದಿದ್ದೆ. ಬೆಳಕು ಸರಿ ಬರಲಿಲ್ಲ. ಕ್ಯಾಮೆರಾ ಬಾಡಿಗೆಯದ್ದು, ಹೊತ್ತಿಗೆ ಸರಿಯಾಗಿ ಕೊಡಬೇಕಿತ್ತು. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಸಿಕ್ಕು

*

ಫೆಬ್ರವರಿ ೧೯

ಸಿಕ್ಕು,

ನಿನ್ನ ಕಾಗದವನ್ನು ಬೀದಿಯವರಿಗೆಲ್ಲ ಓದಿ ಹೇಳಿದೆ. ದರ್ಜಿಯ ಹೆಂಡತಿಗೆ ಎರಡು ಸಲ. "ನಿಮ್ಮ ಕೈ ಸಿನಿಮಾಕ್ಕೆ ಸೇರಿತಲ್ಲ, ಇನ್ನು ನಮ್ಮಂಥವರ ಕೈಗೆ ಸಿಕ್ತೀರಾ?" ಎಂದು ಚುಡಾಯಿಸಿದಳು. ನಾನೂ ಬಿಗುಮಾನ ಮಾಡಿಕೊಂಡು ಕೂತೆ. ಅರವತ್ತೆಂಟಕ್ಕೆ ಬಂದ ಭಾಗ್ಯ, ಬಿಡಲಾಗುತ್ತದೆಯೇ?

ಎರಡನೆಯ ದಿನದ ಮಾತು ಬರೆದಿದ್ದೀಯ. ಅವತ್ತು ನಾನು ಬೆಳಗ್ಗೆಯೇ ತಲೆ ತೊಳೆದು, ನೀಲಿ ಬಟ್ಟೆ ಇಸ್ತ್ರಿ ಮಾಡಿ ಉಟ್ಟು, ಸಂಜೆ ಐದರ ತನಕ ಬೆಂಚಿನ ಮೇಲೆ ಕೂತಿದ್ದೆ. ಬಟ್ಟೆಗೆ ಪುಡಿ ಹತ್ತೀತೆಂದು ಕೆಲಸವನ್ನೂ ಮುಟ್ಟಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಬೆಳಕಿಗೇನು ಕಡಿಮೆಯಾಯಿತೋ ನನಗೆ ತಿಳಿಯದು, ನಿಮ್ಮ ಕ್ಯಾಮೆರಾಕ್ಕೆ ಬೇಕಾದ ಬೆಳಕು ಬೇರೆ ಇರಬೇಕು.

ಒಂದು ಮಾತು. ಮುಖವಿಲ್ಲದೆ ಬರೀ ಕೈ ತೋರಿಸಿದರೆ ಅದು ಯಾರದ್ದೆಂದು ಜನ ತಿಳಿಯಬೇಕು? ಕೆಳಗೆ ಹೆಸರು ಹಾಕುತ್ತೀಯಾ? ಮತ್ತೆ, ಚಿತ್ರದ ಹೆಸರನ್ನೇ ಬರೆದಿಲ್ಲವಲ್ಲೇ. ಮಗು ಹುಟ್ಟಿತು ಎಂದು ಹೇಳಿ ಗಂಡೋ ಹೆಣ್ಣೋ ಹೇಳದೆ ಹೋದ ಹಾಗಾಯಿತು.

ಚಿಕ್ಕವಳಿದ್ದಾಗ ನಿನ್ನ ಕೂದಲು ಬಿಡಿಸುವುದರಲ್ಲಿ ನಾನು ಮೂರು ಬಾಚಣಿಗೆ ಮುರಿದಿದ್ದೇನೆ. ಆ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಈಗಲಾದರೂ ದಿನಾ ಬಾಚಿಕೊಳ್ಳುತ್ತೀ ತಾನೇ?

ನಿನ್ನ ದೊಡ್ಡಮ್ಮ

*

ಏಪ್ರಿಲ್ ೨

ದೊಡ್ಡಮ್ಮ,

ತಡವಾಯಿತು, ತಪ್ಪು ತಿಳಿಯಬೇಡಿ. ದೊಡ್ಡ ಊರಿನ ಸಾಕ್ಷ್ಯಚಿತ್ರೋತ್ಸವದಲ್ಲಿ ನಮ್ಮ ಚಿತ್ರಕ್ಕೆ ಬಹುಮಾನ ಬಂದಿದೆ. ಅವರು ಅಚ್ಚು ಹಾಕಿಸಿದ ಕೈಪಿಡಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಚಿತ್ರಕ್ಕೆ "ಅಮ್ಮನ ಕೈ" ಎಂದು ಹೆಸರಿಡಲಾಗಿದೆ. ಅಮ್ಮ ಎಂದರೆ ಎಲ್ಲ ತಾಯಂದಿರೂ ಎಂಬ ಅರ್ಥದಲ್ಲಿ. ನಿಮ್ಮ ಹೆಸರು ಕೊನೆಯಲ್ಲಿ ಕೃತಜ್ಞತೆಯ ಪಟ್ಟಿಯಲ್ಲಿದೆ.

ಇದೇ ಇಪ್ಪತ್ತೇಳಕ್ಕೆ ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲೂ ತೋರಿಸುತ್ತಾರೆ. ಅಮ್ಮ ವೇದಿಕೆಗೆ ಬರಬೇಕಾಗುತ್ತದೆ. ನೀವು ಸುಮ್ಮನೆ ಆಯಾಸ ಮಾಡಿಕೊಳ್ಳಬೇಡಿ. ಅಲ್ಲಿನ ಕುರ್ಚಿಗಳು ಗಟ್ಟಿ, ಜನಸಂದಣಿ, ನಿಮಗಂತೂ ಒಂದು ಮಾತೂ ಕೇಳಿಸುವುದಿಲ್ಲ. ಇನ್ನೊಂದು ದಿನ ನಾನೇ ಮನೆಗೆ ತಂದು ತೋರಿಸುತ್ತೇನೆ.

ಸಿಕ್ಕು

*

ಏಪ್ರಿಲ್ ೧೦

ಸಿಕ್ಕು,

ಕೈಪಿಡಿ ಓದಿದೆ. ನಾವು "ಅಳಿವಿನಂಚಿನ ಪರಂಪರೆಯ ಕೊನೆಯ ಕೊಂಡಿ" ಎಂದು ಬರೆದಿದ್ದಾರೆ. ನಾನು ಇಷ್ಟು ದಿನ ಬಾಚಣಿಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. "ಮನುಷ್ಯನ ಛಲ" ಎಂದೂ ಇದೆ. ಬೇರೆ ಕೆಲಸ ಬಾರದವರು ಬಂದ ಕೆಲಸವನ್ನೇ ಮಾಡಿಕೊಂಡಿದ್ದರೆ ಅದಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ಗೊತ್ತಿರಲಿಲ್ಲ.

ನಾನು ಬರುತ್ತೇನೆ. ಬಾಚಣಿಗೆ ಉಜ್ಜುವ ಮೋಟರಿನ ಸದ್ದು ನನ್ನ ಕಿವಿ ತಿಂದಿದೆ, ಕಣ್ಣು ತಿಂದಿಲ್ಲ. ಬೀದಿಯ ಹನ್ನೊಂದು ಜನರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಕುರ್ಚಿ ಗಟ್ಟಿಯಿದ್ದರೆ ದಿಂಬು ತರುತ್ತೇನೆ.

ನಿನ್ನ ದೊಡ್ಡಮ್ಮ

*

ಮೇ ೫

ಸಿಕ್ಕು,

ಸಭೆ ಮುಗಿದ ಮೇಲೆ ನಿನ್ನನ್ನು ಹುಡುಕಿದೆ. ಹಿಂದಿನ ಬಾಗಿಲಿನಿಂದ ಹೋದೆ ಎಂದರು. ಅಷ್ಟು ಅವಸರ ಏನಿತ್ತೋ.

ನಾವು ಎರಡನೆಯ ಸಾಲಿನಲ್ಲಿದ್ದೆವು. ನಾನು ನೀಲಿ ಬಟ್ಟೆಯನ್ನೇ ಉಟ್ಟಿದ್ದೆ. ದೀಪ ಆರಿ, ಮೊದಲಿಗೆ ಕೈ ಬಂತು, ಬಾಗಿಲಿನಷ್ಟು ದೊಡ್ಡದಾಗಿ. ಉಗುರಿನ ಸಂದಿಯ ಕೊಳೆ ಕೂಡ ಕಾಣುತ್ತಿತ್ತು. ದರ್ಜಿಯ ಹೆಂಡತಿ ನನ್ನ ಪಕ್ಕೆಗೆ ತಿವಿದಳು. ಆಮೇಲೆ ನಿನ್ನ ಅಮ್ಮನ ಮುಖ ಬಂತು. ಮತ್ತೆ ಕೈ. ಮತ್ತೆ ಅವಳ ಮುಖ. ನಮ್ಮ ಸಾಲಿನವರು ಒಬ್ಬೊಬ್ಬರೇ ನನ್ನ ಕಡೆ ನೋಡುವುದನ್ನು ಬಿಟ್ಟರು. ದರ್ಜಿಯ ಹೆಂಡತಿ ಮಾತ್ರ, "ಮುಂದೆ ಬರ್ತೀರೇನೋ, ಇನ್ನೂ ಇದೆಯಲ್ಲ" ಎಂದಳು. ಮುಂದೆಯೂ ಬರಲಿಲ್ಲ. ಕೊನೆಯಲ್ಲಿ ಹೆಸರುಗಳು ಎಷ್ಟು ಬೇಗ ಓಡಿದವೆಂದರೆ ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ದೀಪ ಹತ್ತಿಕೊಂಡಿತು.

ಅದು ಹೋಗಲಿ. ನನಗೆ ತಿಳಿಯಬೇಕಾದದ್ದು ಬೇರೆ ಇದೆ. ನೀನೂ ಅಮ್ಮನೂ ವೇದಿಕೆ ಹತ್ತಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ತನ್ನ ಕಿರುಬೆರಳು ತೋರಿಸಿ ಏನೋ ಕೇಳಿದಳು. ನೀನು ಮೈಕು ತೆಗೆದುಕೊಂಡು ನಗುತ್ತಾ ಏನೋ ಹೇಳಿದೆ. ಜನ ನಕ್ಕರು. ನೀನು ಇನ್ನೊಂದು ಮಾತು ಹೇಳಿದೆ. ಜನ ಸುಮ್ಮನಾದರು. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿನ್ನ ಅಮ್ಮ ಎಡಗೈಯನ್ನು ಶಾಲಿನೊಳಗೆ ಸೇರಿಸಿಕೊಂಡು ನೆಲ ನೋಡುತ್ತಿದ್ದಳು. ಎಲ್ಲರೂ ಹೊಡೆದರೆಂದು ನಾನೂ ಚಪ್ಪಾಳೆ ಹೊಡೆದೆ.

ಏನು ಹೇಳಿದೆ ಮಗಳೇ? ನನಗೆ ಕೇಳಿಸಲಿಲ್ಲ. ದಾರಿಯಲ್ಲಿ ಕೇಳಿದರೆ ಯಾರೂ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ನೀನೇ ಬರೆದು ತಿಳಿಸು.

ದೊಡ್ಡಮ್ಮ

*

ಜೂನ್ ೧

ಸಿಕ್ಕು,

ಉತ್ತರವಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಅವನೀಗ ನಮ್ಮ ಬೀದಿಗೆ ಬಂದರೆ ಸೈಕಲ್ಲನ್ನು ಜೋರಾಗಿ ತುಳಿಯುತ್ತಾನೆ.

ನಿನ್ನ ಅಮ್ಮ ಲೆಕ್ಕ ನೋಡಲು ಕಾರ್ಖಾನೆಗೆ ಬರುವುದನ್ನೂ ನಿಲ್ಲಿಸಿದ್ದಾಳೆ. ನಾನೇ ಹೋಗಿ ನೋಡಿದೆ. ಎಡಗೈಯ ಕಿರುಬೆರಳನ್ನು ಮಡಿಸಿಕೊಂಡೇ ಲೋಟ ಹಿಡಿಯುತ್ತಾಳೆ, ಮಡಿಸಿಕೊಂಡೇ ಬಟ್ಟೆ ಒಣಹಾಕುತ್ತಾಳೆ. ಬೆರಳಿಗೇನಾಯಿತೇ ಎಂದು ಕೇಳಿದರೆ, "ಏನಿಲ್ಲ ಅಕ್ಕ, ಹಿಡ್ಕೊಂಡಿದೆ" ಎನ್ನುತ್ತಾಳೆ. ಹಿಡಿದುಕೊಂಡ ಬೆರಳನ್ನು ನಾನು ನೋಡಿಲ್ಲವೇ? ಅದು ಹಿಡಿದುಕೊಂಡದ್ದಲ್ಲ, ಅವಳೇ ಹಿಡಿದಿಟ್ಟದ್ದು. ಅದೂ ಮನೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ.

ನೀನು ಏನು ಹೇಳಿದೆ ಎಂದು ಬರೆ. ಇನ್ನೊಂದು ಸಲ ಕೇಳುವುದಿಲ್ಲ.

ದೊಡ್ಡಮ್ಮ

*

ಜೂನ್ ೧೮

ದೊಡ್ಡಮ್ಮ,

ಈ ಕಾಗದವನ್ನು ಏಳು ಸಲ ಶುರುಮಾಡಿ ಹರಿದಿದ್ದೇನೆ. ಪ್ರತಿಸಲವೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನನಗೇ ಗೊತ್ತಿಲ್ಲದೆ ನನ್ನ ಪರ ವಾದ ಮಾಡುತ್ತಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಹುಮಾನ ಕೊಟ್ಟ ಊರಿನಲ್ಲಿ, ಚಿತ್ರ ಮುಗಿದ ಮೇಲೆ, ವಯಸ್ಸಾದ ಒಬ್ಬರು ಎದ್ದು ಕೇಳಿದರು: "ನಿಮ್ಮ ತಾಯಿ ಚಹಾ ಕುಡಿಯುವಾಗ ಕಿರುಬೆರಳು ಪೂರ್ತಿ ಇದೆ. ಕೆಲಸ ಮಾಡುವಾಗ ಅರ್ಧ ಇದೆ. ಅದು ಹೇಗಮ್ಮ?" ನಾಲ್ಕು ತಿಂಗಳು ಆ ಕೈಗಳನ್ನೇ ನೋಡಿದವಳು ನಾನು. ನಿಮ್ಮ ಅರ್ಧ ಬೆರಳು ನನಗೆ ಎಷ್ಟು ರೂಢಿಯೆಂದರೆ, ಹೊಸಬರ ಕಣ್ಣಿಗೆ ಅದು ಬಿದ್ದೀತು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಆ ಗಳಿಗೆಯಲ್ಲಿ "ಆ ಕೈ ನಮ್ಮ ದೊಡ್ಡಮ್ಮನದು" ಎಂದಿದ್ದರೆ ಮುಗಿಯುತ್ತಿತ್ತು. ನಾಲ್ಕೇ ಮಾತು. ನಾನು, "ಚಹಾದ ದೃಶ್ಯ ಹಳೆಯದು, ಬೆರಳು ಹೋಗೋಕ್ಕಿಂತ ಮುಂಚೆ ತೆಗೆದದ್ದು. ಈ ಕಸುಬು ನಮ್ಮಮ್ಮನ ಬೆರಳು ತಗೊಂಡಿತು" ಎಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾನು ಐದು ವರ್ಷದವಳಿದ್ದಾಗ ಬೆರಳಿನ ತುದಿ ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ ನೀವೊಂದು ಉತ್ತರ ಕೊಟ್ಟಿದ್ದಿರಿ. ಒಂದು ಬಾಚಣಿಗೆಗೆ ಹಲ್ಲು ಕಡಿಮೆ ಬಿತ್ತು, ನನ್ನ ಹತ್ತಿರ ಇದ್ದದ್ದನ್ನು ಕೊಟ್ಟೆ ಎಂದು. ಅದನ್ನೂ ಅಮ್ಮನ ಮಾತೆಂದು ಹೇಳಿದೆ. ಜನ ನಕ್ಕರು. ನಕ್ಕವರು ಕಣ್ಣು ಒರೆಸಿಕೊಂಡರು. ತೀರ್ಪುಗಾರರು "ಬೆರಳು ಕಳೆದುಕೊಂಡರೂ ಛಲ ಬಿಡದ ತಾಯಿ" ಎಂದು ಬರೆದರು. ನಿಮ್ಮ ಕೈ ತೆಗೆದುಕೊಂಡೆ, ನಿಮ್ಮ ಗಾಯ ತೆಗೆದುಕೊಂಡೆ, ಕೊನೆಗೆ ನಿಮ್ಮ ತಮಾಷೆಯನ್ನೂ ಬಿಡಲಿಲ್ಲ.

ಎರಡನೆಯ ದಿನ ಬೆಳಕು ಚೆನ್ನಾಗಿಯೇ ಇತ್ತು ದೊಡ್ಡಮ್ಮ. ಕ್ಯಾಮೆರಾ ಕೂಡ ನನ್ನ ಹತ್ತಿರವೇ ಇತ್ತು. ಒಬ್ಬ ತಾಯಿ, ಒಬ್ಬ ಮಗಳು ಎಂದಿದ್ದರೆ ಚಿತ್ರ ಬಿಗಿಯಾಗುತ್ತದೆ ಎಂದು ಮೊದಲೇ ತೀರ್ಮಾನಿಸಿದ್ದೆ. ನೀವು ಬೆಂಚಿನ ಮೇಲೆ ಕೂತಿದ್ದಾಗ ನಾನು ಎರಡು ಬೀದಿ ಆಚೆ ಅಂಗಡಿಯ ಬೋರ್ಡು ಚಿತ್ರೀಕರಿಸುತ್ತಿದ್ದೆ.

ಇನ್ನು ನಮ್ಮ ಊರಿನ ಸಭೆ. ಹಿಂದಿನ ದಿನ ಅಮ್ಮನಿಗೆ ಫೋನು ಮಾಡಿ, "ನಾಳೆ ಒಂದಿನ ಎಡಗೈ ಶಾಲಿನೊಳಗೆ ಇಟ್ಕೊಂಡಿರಮ್ಮ" ಎಂದೆ. ಯಾಕೆ ಎಂದಳು. ಹೇಳಿದೆ. "ಅಕ್ಕ ಬರ್ತಾಳಲ್ಲೇ" ಎಂದಳು.

"ದೊಡ್ಡಮ್ಮನಿಗೆ ಕೇಳ್ಸಲ್ಲ ಬಿಡು" ಎಂದೆ.

ಇದನ್ನು ಬರೆಯಲಾಗದೆ ಏಳು ಹಾಳೆ ಹರಿದದ್ದು. ಎರಡನೆಯ ಸಾಲಿನಲ್ಲಿ ನೀವು ನೀಲಿ ಬಟ್ಟೆಯಲ್ಲಿ ಕೂತಿರುವುದು ವೇದಿಕೆಯಿಂದ ಕಾಣುತ್ತಿತ್ತು. ನಿಮ್ಮ ಕಿವುಡನ್ನು ನಂಬಿಕೊಂಡು, ನಿಮ್ಮನ್ನು ನೋಡುತ್ತಲೇ, ಅದೇ ಸುಳ್ಳನ್ನು ಅದೇ ಮಾತುಗಳಲ್ಲಿ ಇನ್ನೊಮ್ಮೆ ಹೇಳಿದೆ.

ಇನ್ನೊಂದು ಇದೆ. ನೀವು ಮರೆತಿರಲಾರಿರಿ. ನಾನು ಆರನೆಯ ತರಗತಿಯಲ್ಲಿದ್ದಾಗ ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಶಾಲೆಯ ಗೇಟಿಗೆ ಬಂದಿದ್ದಿರಿ. ಕೆಲಸದ ಮಧ್ಯೆಯೇ ಎದ್ದು ಬಂದಿದ್ದಿರಿ, ಮೈಯೆಲ್ಲ ಸುಟ್ಟ ಕೊಂಬಿನ ವಾಸನೆ. ಆ ವಾಸನೆಯ ದೆಸೆಯಿಂದ ನಾನು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದ ಕಾಲ ಅದು. ಜೊತೆಯ ಹುಡುಗಿ, "ಅವ್ರು ನಿಂಗೇನಾಗ್ಬೇಕು?" ಎಂದಳು. "ಏನೂ ಇಲ್ಲ, ನಮ್ಮಂಗಡಿ ಕೆಲಸದವಳು" ಎಂದೆ. ಆಗ ನಿಮ್ಮ ಕಿವಿ ಚೆನ್ನಾಗಿ ಕೇಳುತ್ತಿತ್ತು. ನೀವು ಡಬ್ಬಿಯನ್ನು ನನ್ನ ಕೈಗೆ ಕೊಡದೆ ಆ ಹುಡುಗಿಯ ಕೈಗೆ ಕೊಟ್ಟು, "ಇವರಿಗೆ ಕೊಡಿ ಅಮ್ಮ" ಎಂದು ಹೇಳಿ ಹೋದಿರಿ. ಮನೆಯಲ್ಲಿ ಆ ಮಾತು ಎತ್ತಲೇ ಇಲ್ಲ.

ಈಗ ಅದೇ ವಾಸನೆಯ ಬಗ್ಗೆ ವೇದಿಕೆಯ ಮೇಲೆ ನಿಂತು, "ಈ ಗಂಧದಲ್ಲೇ ನಾನು ಬೆಳೆದೆ" ಎನ್ನುತ್ತೇನೆ.

ನನ್ನನ್ನು ಬೈಯಿರಿ. ಸುಮ್ಮನಿರಬೇಡಿ.

ಸಿಕ್ಕು

*

ಜುಲೈ ೨

ಸಿಕ್ಕು,

ಬೈ ಎಂದು ನೀನು ಹೇಳಿಕೊಟ್ಟ ಮೇಲೆ ಬೈದರೆ ಏನು ಸ್ವಾರಸ್ಯ.

ನೀನು ಏನು ಹೇಳಿದೆ ಎಂದು ನನಗೆ ಅವತ್ತೇ ಗೊತ್ತಿತ್ತು. ಮೋಟರಿನ ಪಕ್ಕದಲ್ಲಿ ನಲವತ್ತು ವರ್ಷ ಕೂತವರು ಕಿವಿಯಿಂದ ಮಾತು ಕೇಳುವುದಿಲ್ಲ ಮಗಳೇ, ತುಟಿಯಿಂದ ಕೇಳುತ್ತಾರೆ. ಮೋಟರು ಓಡುತ್ತಿದ್ದರೂ ನಾನೂ ನಿನ್ನ ಅಮ್ಮನೂ ಬೀದಿಯ ಚಾಡಿಯನ್ನೆಲ್ಲ ಆಡಿಕೊಂಡದ್ದು ಹಾಗೆಯೇ. ನೀನು ಅದೇ ಕಾರ್ಖಾನೆಯಲ್ಲಿ ಬೆಳೆದವಳು, ಕ್ಯಾಮೆರಾ ಹಿಡಿದು ನನ್ನ ಎದುರೇ ಕೂತವಳು. ಬೆರಳು ಕಂಡಿತು, ಗರಗಸ ಕಂಡಿತು, ಇದು ಕಾಣಲಿಲ್ಲ. ನನ್ನ ತಮಾಷೆ ನಿನ್ನ ತುಟಿಯ ಮೇಲೆ ಬಂದಾಗ ಮೊದಲ ಅಕ್ಷರಕ್ಕೇ ಗುರುತು ಹಿಡಿದೆ.

ಕೇಳಿಸಲಿಲ್ಲ ಎಂದು ಬರೆದದ್ದು ನನ್ನ ಸುಳ್ಳು. ನೀನೇ ಹೇಳಲಿ ಎಂದು ಎರಡು ತಿಂಗಳು ಕಾದೆ. ತಂಗಿಯ ಮಗಳನ್ನು ಬೋನು ಇಟ್ಟು ಹಿಡಿದ ಹಾಗೆ ಮಾಡಿದೆ, ಅದಕ್ಕೆ ನನಗೂ ನಾಚಿಕೆಯಿದೆ.

ಇನ್ನೊಂದು ನಾಚಿಕೆ ಅದಕ್ಕಿಂತ ದೊಡ್ಡದು. ದರ್ಜಿಯ ಹೆಂಡತಿ ಪಕ್ಕೆಗೆ ತಿವಿದಳು ಎಂದು ಬರೆದಿದ್ದೆ, ಉಳಿದದ್ದು ಬರೆದಿರಲಿಲ್ಲ. ನಿನ್ನ ಮಾತಿಗೆ ಜನ ಚಪ್ಪಾಳೆ ಹೊಡೆಯುವಾಗ ಅವಳು ನನ್ನ ಕಡೆ ತಿರುಗಿ, "ಇದೇನ್ರೀ, ಅದು ನಿಮ್ಮ ಕೈಯಲ್ವಾ?" ಎಂದಳು. "ಅಲ್ಲ, ನಮ್ಮ ತಂಗೀದು" ಎಂದೆ. ಎಂದು, ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಆಮೇಲೆ ಬರಿಯ ಬಲಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದೆ. ಮೇಲೆ ನಿನ್ನ ಅಮ್ಮ ಇದ್ದ ಬೆರಳನ್ನು ಬಚ್ಚಿಟ್ಟುಕೊಂಡಿದ್ದಳು, ಕೆಳಗೆ ನಾನು ಇಲ್ಲದ ಬೆರಳನ್ನು ಬಚ್ಚಿಟ್ಟುಕೊಂಡಿದ್ದೆ. ಅವಳು ಹೆತ್ತ ತಪ್ಪಿಗೆ, ನಾನು ತಲೆ ಬಾಚಿದ ತಪ್ಪಿಗೆ.

ಈಗ ನನ್ನ ಮುಖ ತೆಗೆಯುತ್ತೇನೆಂದು ಕ್ಯಾಮೆರಾ ಹೊತ್ತು ಬರಬೇಡ, ಬಾಗಿಲು ತೆರೆಯುವುದಿಲ್ಲ. ಚಿತ್ರವನ್ನು ಸುಟ್ಟುಹಾಕು ಎಂದೂ ಹೇಳುವುದಿಲ್ಲ, ಅದರಲ್ಲಿ ಕೆಲಸ ಚೆನ್ನಾಗಿ ಕಂಡಿದೆ. ಇನ್ನೊಮ್ಮೆ ಎಲ್ಲಿ ತೋರಿಸುತ್ತೀಯೋ ಅಲ್ಲಿ ನಿಜ ಹೇಳು. ನಿನ್ನ ಅಮ್ಮನನ್ನು ಕರೆದುಕೊಂಡು ಹೋಗು, ಅವಳ ಬೆರಳು ನೆಟ್ಟಗಾಗಬೇಕು. ನಾನು ಬರುವುದಿಲ್ಲ. ಬಂದರೆ ನೀನು ನನ್ನ ಮುಖ ನೋಡಿಕೊಂಡು ಹೇಳುತ್ತೀ, ನಾನು ತಲೆಯಾಡಿಸುತ್ತೇನೆ, ಜನಕ್ಕೆ ಅದೂ ಒಂದು ಸಿನಿಮಾ ಆಗುತ್ತದೆ.

ಡಬ್ಬಿಯ ಮಾತು ನೆನಪಿದೆ. ಬೇರೆಯೆಲ್ಲ ಮರೆತೇನು.

ದೊಡ್ಡಮ್ಮ

*

ಆಗಸ್ಟ್ ೧೧

ದೊಡ್ಡಮ್ಮ,

ಉತ್ಸವದವರಿಗೆ ನಡೆದದ್ದನ್ನು ಬರೆದು, ಬಹುಮಾನವನ್ನು ಹಿಂತಿರುಗಿಸಿದೆ. ಇನ್ನೂ ಉತ್ತರ ಬಂದಿಲ್ಲ. ಸಂಕಲನ ಮಾಡುವವನು, "ಯಾರಿಗೂ ಗೊತ್ತಾಗ್ತಿರಲಿಲ್ಲ ಕಣ್ರೀ" ಎಂದ.

ನಿನ್ನೆ ಚಿತ್ರ ತೋರಿಸಿದ್ದು ನಮ್ಮ ಶಾಲೆಯಲ್ಲಿ. ಜೂನ್ ತಿಂಗಳಲ್ಲೇ ಕರೆದಿದ್ದರು, ಹಳೆಯ ವಿದ್ಯಾರ್ಥಿನಿಯ ಸಾಧನೆ ಎಂದು. ಬೇರೆ ಊರಾಗಿದ್ದರೆ ಸುಲಭವಾಗುತ್ತಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಹೊಗಳಿ ಮುಗಿಸಿದ ಮೇಲೆ, ದೀಪ ಆರಿಸುವ ಮೊದಲೇ ಎದ್ದು ಹೇಳಿದೆ. ಕೊನೆಯಲ್ಲಿ ಹೇಳೋಣವೆಂದರೆ ಅಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತದೆ, ಆಮೇಲೆ ಬಾಯಿ ಬರುತ್ತದೋ ಇಲ್ಲವೋ ಎಂಬ ಭಯ. ಮುಖ ಯಾರದು, ಕೈ ಯಾರದು, ಬೆರಳು ಯಾರದು, ಹಲ್ಲಿನ ತಮಾಷೆ ಯಾರದು, ಎಲ್ಲ ಹೇಳಿದೆ. ಬೆಳಕಿನ ಸುಳ್ಳನ್ನೂ ಹೇಳಿದೆ. ಮುಖ್ಯೋಪಾಧ್ಯಾಯರು ಗಡಿಯಾರ ನೋಡಿಕೊಂಡರು. ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ.

ಅಮ್ಮ ಮೊದಲ ಸಾಲಿನಲ್ಲಿದ್ದಳು. ನಾನು ಮಾತು ಮುಗಿಸುವ ಹೊತ್ತಿಗೆ ಶಾಲಿನಿಂದ ಎಡಗೈ ಹೊರಗೆ ತೆಗೆದು, ಬಲಗೈಯಿಂದ ಕಿರುಬೆರಳನ್ನು ತಿಕ್ಕುತ್ತಿದ್ದಳು. ಮಡಿಸಿ ಮಡಿಸಿ ಅದು ನಿಜವಾಗಿಯೂ ಹಿಡಿದುಕೊಂಡಿತ್ತಂತೆ. ರಾತ್ರಿ ಊಟಕ್ಕೆ ಕೂತಾಗಲೂ ಪೂರ್ತಿ ನೆಟ್ಟಗಾಗಿರಲಿಲ್ಲ.

ಚಿತ್ರ ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಬೇಕೋ ಬೇಡವೋ ಎಂದು ಮಕ್ಕಳು ಮೇಷ್ಟರುಗಳ ಮುಖ ನೋಡಿದರು, ಮೇಷ್ಟರುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ನಡುವಿನ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಆರನೆಯದೋ ಏಳನೆಯದೋ ಇರಬೇಕು.

"ಆ ಕೈಯವ್ರು ನಿಮಗೇನಾಗ್ಬೇಕು?" ಎಂದು ಕೇಳಿದಳು.

ಆ ಕೋಣೆಯ ಕಿಟಕಿಯಿಂದ ಗೇಟು ಕಾಣುತ್ತದೆ ದೊಡ್ಡಮ್ಮ. ಬಣ್ಣ ಬೇರೆಯಾಗಿದೆ, ಗೇಟು ಅದೇ.

"ನಮ್ಮ ದೊಡ್ಡಮ್ಮ" ಎಂದೆ.

ಹಿಂದಿನ ಬೆಂಚಿನವರು ಕೇಳಿಸಲಿಲ್ಲ ಎಂದು ಕೂಗಿದರು. ಇನ್ನೊಂದು ಸಲ ಹೇಳಿದೆ.

ನಿಮ್ಮ ತಂಗಿಯ ಮಗಳು,
ಸಿಕ್ಕು